ಟ್ಯಾಕ್ಸಿ ಓಡಿಸುವ ಎಂಜಿನಿಯರ್, ಎರಡು ಮನೆಯ ಅಕ್ಕಸಾಲಿಗ

ಅಮೆರಿಕದಲ್ಲಿ 19 ವರ್ಷ ಬೇರೆಯವರ ತೆರಿಗೆ ಲೆಕ್ಕ ಬರೆದುಕೊಟ್ಟವಳು ನಾನು. 2003ರಿಂದ 2011ರವರೆಗೆ ನ್ಯೂ ಜೆರ್ಸಿಯ ಜೆರ್ಸಿ ಸಿಟಿಯಲ್ಲಿದ್ದೆ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಈಜಿಪ್ಟಿನವರು. ಆಮೇಲೆ 11 ವರ್ಷ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್. ಅಲ್ಲಿ ಬಾಗಿಲು ತೆರೆದರೆ ಅರ್ಮೇನಿಯನ್ನರೇ. ಹಿಂದಿನ ಸಂಚಿಕೆಯಲ್ಲಿ ಈ ಎರಡು ಊರುಗಳ ಹೆಸರು ಸುಮ್ನೆ ಬಂದು ಹೋಗಿತ್ತು. ಅದನ್ನು ಹಿಡಿದು ಹಲವರು ಬರೆದಿದ್ದೀರಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನನ್ನ ಮಗಳು ಮೊದಲು ಜೆರ್ಸಿ ಸಿಟಿಯಲ್ಲಿದ್ದಳು. ಅವಳನ್ನು ಆಗಾಗ ಸ್ಟೇಷನ್‌ಗೆ ಬಿಡುತ್ತಿದ್ದ ಟ್ಯಾಕ್ಸಿಯವರು ಈಜಿಪ್ಟಿನಲ್ಲಿ ಎಂಜಿನಿಯರ್ ಆಗಿದ್ದವರಂತೆ. ಈಗ ಅವಳು ಗ್ಲೆಂಡೇಲ್‌ನಲ್ಲಿದ್ದಾಳೆ. ಮನೆ ಮಾಲೀಕರು ಅರ್ಮೇನಿಯನ್. ಹೈಸ್ಕೂಲು ದಾಟಿಲ್ಲ, ಬಂಗಾರದ ಕೆಲಸ, ಎರಡು ಮನೆ ಇದೆ. ಓದಿದವರ ಗತಿ ಯಾಕೆ ಹೀಗೆ? ಅರ್ಮೇನಿಯನ್ನರಿಗೆ ವ್ಯಾಪಾರ ಹುಟ್ಟುಗುಣವೇ?
(ಓದುಗರು, ಹಾಸನ)

ಉತ್ತರ: ಹುಟ್ಟುಗುಣ ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡೋಣ. ನನ್ನ ಮೇಜಿನ ಮುಂದೆ ಕೂತವರಲ್ಲಿ ಸೋಮಾರಿ ಅರ್ಮೇನಿಯನ್ನರೂ ಇದ್ದರು, ವ್ಯಾಪಾರದಲ್ಲಿ ಎತ್ತಿದ ಕೈ ಅನ್ನಿಸಿಕೊಂಡ ಈಜಿಪ್ಟಿನವರೂ ಇದ್ದರು. ಜನರ ಲೆಕ್ಕ ನೋಡಿ ನೋಡಿ ನನಗೆ ಅನ್ನಿಸಿದ್ದು ಬೇರೆ. ಅವರು ಯಾವ ವರ್ಷ ಬಂದರು, ಯಾವ ಬಾಗಿಲಿಂದ ಬಂದರು, ಇಷ್ಟು ಕೇಳಿದರೆ ಉಳಿದದ್ದನ್ನು ಹೆಚ್ಚುಕಮ್ಮಿ ಊಹಿಸಬಹುದು.

ಮಾಲೀಕರು ಮನೆ ಕೊಂಡದ್ದು ಯಾವಾಗ ಅಂತ ಮಗಳ ಹತ್ತಿರ ಕೇಳಿಸಿ. 1980ರ ದಶಕ ಅಂದರೆ ಅರ್ಧ ಉತ್ತರ ಸಿಕ್ಕಿತು. ಕ್ಯಾಲಿಫೋರ್ನಿಯಾದವರು 1978ರಲ್ಲಿ ಮತ ಹಾಕಿ ಒಂದು ಕಾನೂನು ತಂದುಕೊಂಡರು. ಅದರ ಹೆಸರು ಪ್ರೊಪೊಸಿಷನ್ 13. ಮನೆ ಕಂದಾಯ ಕೊಂಡ ಬೆಲೆಯ ಶೇ. 1ರ ಸುತ್ತಮುತ್ತ. ಮನೆಯ ಪೇಟೆ ಬೆಲೆ ಎಷ್ಟೇ ಏರಲಿ, ಕಂದಾಯದ ಲೆಕ್ಕಕ್ಕೆ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. ನನ್ನ ಗಿರಾಕಿಯೊಬ್ಬರು 1986ರಲ್ಲಿ 1,60,000 ಡಾಲರ್ ಕೊಟ್ಟು ಮನೆ ಕೊಂಡಿದ್ದರು. 2019ರಲ್ಲಿ ಅವರ ಕಂದಾಯದ ಮೂಲ ಮೊತ್ತ ಸುಮಾರು 3,100 ಡಾಲರ್. ಅದೇ ಬೀದಿಯಲ್ಲಿ, ಅಂಥದ್ದೇ ಮನೆಯನ್ನು ಅದೇ ವರ್ಷ 9 ಲಕ್ಷಕ್ಕೆ ಕೊಂಡ ಹುಡುಗನಿಗೆ 9,000 ಬಂತು. ಒಂದೇ ಬೀದಿ, ಒಂದೇ ಕಸದ ಗಾಡಿ, ಕಂದಾಯ ಮಾತ್ರ ಮೂರು ಪಟ್ಟು! ಆ ಹಿರಿಯರು ಮಿಗಿಸಿದ ದುಡ್ಡಲ್ಲಿ ಎರಡನೇ ಮನೆ ಕೊಂಡರು. ಅದರಲ್ಲಿ ಜಾಣತನ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಜಾಣತನಕ್ಕಿಂತ ಬಂದ ವರ್ಷ ದೊಡ್ಡದು.

ಈಗ ಟ್ಯಾಕ್ಸಿ ಎಂಜಿನಿಯರ್ ಕಡೆ ಬನ್ನಿ. ಲಾಟರಿ ವೀಸಾದಲ್ಲಿ ಬಂದವರಿರಬೇಕು. 1990ರ ವಲಸೆ ಕಾನೂನಿನಿಂದ ಹುಟ್ಟಿ, 1995ರಿಂದ ಪೂರ್ತಿಯಾಗಿ ನಡೆದ ಪದ್ಧತಿ ಅದು. ವರ್ಷಕ್ಕೆ ಸುಮಾರು 50,000 ಜನರಿಗೆ ಚೀಟಿ ಎತ್ತಿ ಗ್ರೀನ್ ಕಾರ್ಡ್. ಭಾರತದವರಿಗೆ ಇದು ಇಲ್ಲ, ಹಾಗಾಗಿ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಈಜಿಪ್ಟಿನವರು ಈ ಬಾಗಿಲಿಂದ ಬಹಳ ಜನ ಬಂದಿದ್ದಾರೆ. ಲಾಟರಿ ಗೆದ್ದವನಿಗೆ ಕಾರ್ಡ್ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಕಾದು ಕೂತ ಕಂಪನಿ ಇಲ್ಲ, ಮೊದಲ ತಿಂಗಳ ಬಾಡಿಗೆ ಕೊಡುವವರೂ ಇಲ್ಲ. ಇವರು ಬಂದಿಳಿಯುವ ಹೊತ್ತಿಗೆ ಜೆರ್ಸಿ ಸಿಟಿಯ ಮನೆ ಬೆಲೆ ಆಗಲೇ ಏರಿತ್ತು. ಮೇಲಾಗಿ, ಮನೆ ಕಂದಾಯ ಅತಿ ಜಾಸ್ತಿ ಇರುವ ರಾಜ್ಯಗಳ ಸಾಲಲ್ಲಿ ನ್ಯೂ ಜೆರ್ಸಿ ಮೊದಲು ನಿಲ್ಲುತ್ತದೆ. ಅಲ್ಲಿ ಪ್ರೊಪೊಸಿಷನ್ 13ರಂಥ ಕೊಡೆ ಇಲ್ಲ.

ಇನ್ನೊಂದು ಮಾತು. 'ಅರ್ಮೇನಿಯನ್' ಅಂದರೆ ಸಾಲದು, ಎಲ್ಲಿಂದ ಬಂದ ಅರ್ಮೇನಿಯನ್ ಅನ್ನಬೇಕು. ಅವರೇ ಒಬ್ಬರನ್ನೊಬ್ಬರು ಮೊದಲು ಕೇಳುವುದು ಅದನ್ನೇ. ಇರಾನಿನವರು ಪಾರ್ಸ್ಕಹಾಯ್. ಸೋವಿಯತ್ ಅರ್ಮೇನಿಯಾದಿಂದ ಬಂದವರು ಹಾಯಸ್ತಾನ್‌ಸಿ. ಲೆಬನಾನ್‌ನಲ್ಲಿ 1975ರಲ್ಲಿ ಅಂತರ್ಯುದ್ಧ ಶುರುವಾದಾಗ ಬೈರೂತಿನವರು ಕೈಕಸುಬು ಹೊತ್ತು ಬಂದರು. 1979ರ ಕ್ರಾಂತಿ ಆದಾಗ ಟೆಹ್ರಾನಿನವರಲ್ಲಿ ಸುಮಾರು ಜನ ಮನೆ ಮಾರಿದ ದುಡ್ಡು ತಂದರು, ಗ್ಲೆಂಡೇಲ್‌ನಲ್ಲಿ ನೇರ ಮನೆ ಕೊಂಡರು. ಅರ್ಮೇನಿಯಾದ ರಾಜಧಾನಿ ಯೆರೆವಾನಿನವರು ತಂದದ್ದು ಸೂಟ್‌ಕೇಸು. ಒಂದೇ ಚರ್ಚಿನಲ್ಲಿ ಒಂದೇ ಬೆಂಚಿನ ಮೇಲೆ ಕೂರುವ ಈ ಮೂವರ ಲೆಕ್ಕಪತ್ರ ನೋಡಿದರೆ ಮೂರು ಬೇರೆ ದೇಶದವರದ್ದು ಅನ್ನಿಸುತ್ತದೆ.

ಅರ್ಮೇನಿಯನ್ನರಿಗೆ ಎಲ್ಲವೂ ಸಲೀಸಾಗಿ ಸಿಕ್ಕಿತು ಅಂತ ಮಾತ್ರ ತಿಳಿಯಬೇಡಿ. 1880ರ ದಶಕದಿಂದಲೇ ಅವರು ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿದ್ದಾರೆ. ದ್ರಾಕ್ಷಿ ಬೆಳೆದರು, ಒಣದ್ರಾಕ್ಷಿ ಮಾರಿದರು. ಆದರೂ ಆ ಊರಿನ ಎಷ್ಟೋ ಬಡಾವಣೆಗಳ ಕ್ರಯಪತ್ರದಲ್ಲೇ 'ಅರ್ಮೇನಿಯನ್ನರಿಗೆ ಮಾರಕೂಡದು' ಅಂತ ಬರೆದಿರುತ್ತಿತ್ತು. ಅವರಿಗೆ ಪೌರತ್ವ ಕೊಡಬಹುದೇ ಅನ್ನುವುದೇ ಕೋರ್ಟಿಗೆ ಹೋಗಿತ್ತು. ಪೋರ್ಟ್‌ಲ್ಯಾಂಡಿನ ರತ್ನಗಂಬಳಿ ವ್ಯಾಪಾರಿ ಟಾಟೋಸ್ ಕಾರ್ಟೋಜಿಯನ್ ಅವರ ಕೇಸಿನಲ್ಲಿ 1925ರಲ್ಲಿ ತೀರ್ಪು ಅವರ ಪರ ಬಂತು. ಆಗಿನ ಕಾನೂನಿನಲ್ಲಿ ವಲಸೆ ಬಂದವರು 'ಬಿಳಿಯ' ಅನ್ನಿಸಿಕೊಂಡರೆ, ಇಲ್ಲವೇ ಆಫ್ರಿಕಾ ಮೂಲದವರಾದರೆ ಮಾತ್ರ ಪೌರತ್ವ. ಅದೇ ಕಾಲದಲ್ಲಿ, 1923ರಲ್ಲಿ, ಪಂಜಾಬಿನಿಂದ ಹೋಗಿದ್ದ ನಮ್ಮ ಭಗತ್ ಸಿಂಗ್ ಥಿಂಡ್ ಅವರು ಇದೇ ಪ್ರಶ್ನೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತಿದ್ದರು. ಆ ಎರಡು ವರ್ಷಗಳ ಅಂತರದ ಎರಡು ತೀರ್ಪು ಎಷ್ಟು ಮನೆತನಗಳ ಆಸ್ತಿಯನ್ನು ನಿರ್ಧರಿಸಿತು ಅಂತ ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಪ್ರಶ್ನೆ: ಡಿಗ್ರಿ ಇದ್ದ ಮೇಲೆ ಈಜಿಪ್ಟಿನವರು ಅದೇ ಕೆಲಸಕ್ಕೆ ಯಾಕೆ ಪ್ರಯತ್ನ ಮಾಡಲ್ಲ?
(ಓದುಗರು, ಬಳ್ಳಾರಿ)

ಉತ್ತರ: ಮಾಡ್ತಾರೆ. ಪ್ರಯತ್ನ ಮಾಡಿ ಸುಸ್ತಾದವರನ್ನೇ ನಾನು ಜಾಸ್ತಿ ನೋಡಿದ್ದು. ಈಜಿಪ್ಟಿನಲ್ಲಿ 1962ರಲ್ಲಿ ಕಾಲೇಜು ಶುಲ್ಕ ತೆಗೆದುಹಾಕಿದರು. ಎಂಜಿನಿಯರು, ವಕೀಲರು, ಬಿ.ಕಾಂ. ಮಾಡಿದವರು ಲಕ್ಷಗಟ್ಟಲೆ ತಯಾರಾದರು. ಅಮೆರಿಕದಲ್ಲಿರುವ ಈಜಿಪ್ಟ್ ಮೂಲದ ವಯಸ್ಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪದವೀಧರರು. ಅಮೆರಿಕದವರನ್ನೆಲ್ಲ ಸೇರಿಸಿ ನೋಡಿದರೆ ಮೂರರಲ್ಲಿ ಒಬ್ಬರಷ್ಟೆ. ಓದಿನ ಕೊರತೆ ಅಲ್ಲವೇ ಅಲ್ಲ ಇದು.

ಆದರೆ ಎಲ್ಲ ಡಿಗ್ರಿಯೂ ಒಂದೇ ಥರ ದಾಟುವುದಿಲ್ಲ. ವಕೀಲಿ ಸುಲಭಕ್ಕೆ ದಾಟುವುದಿಲ್ಲ, ಅಲ್ಲಿನ ಕಾನೂನು ಬೇರೆ. ಫಾರ್ಮಸಿ ಚೆನ್ನಾಗಿ ದಾಟಿತು. ಅದಕ್ಕೊಂದು ಕಾರಣ ಇದೆ. 2003ರ ನಂತರ ಪದವಿ ಪಡೆದ ಹೊರದೇಶದ ಫಾರ್ಮಸಿಸ್ಟರು ಐದು ವರ್ಷದ ಕೋರ್ಸ್ ಮಾಡಿರಲೇಬೇಕು ಅಂತ ಅಮೆರಿಕದಲ್ಲಿ ನಿಯಮ ಬಂತು. ನಮ್ಮ ಬಿ.ಫಾರ್ಮ್ ನಾಲ್ಕು ವರ್ಷ, ನಮ್ಮ ಮಕ್ಕಳು ಅಲ್ಲೇ ನಿಂತರು. ಈಜಿಪ್ಟಿನದು ಐದು ವರ್ಷ. ಹಾಗಾಗಿ ಅವರು ಪರೀಕ್ಷೆ ಬರೆಯುವ ಹಂತಕ್ಕಾದರೂ ಬಂದರು. ನನ್ನ ಗಿರಾಕಿ ಹೆಣ್ಣುಮಗಳೊಬ್ಬಳು ಔಷಧಿ ಅಂಗಡಿಯಲ್ಲಿ ಮೂರು ವರ್ಷ ಬಿಲ್ಲು ಹಾಕುವ ಕೆಲಸ ಮಾಡಿ, ರಾತ್ರಿ ಓದಿ ಪಾಸಾದಳು. ಮರುವರ್ಷ ಅವಳ ಆದಾಯದ ಕಾಗದ ನೋಡಿ, ತಪ್ಪಾಗಿ ಒಂದು ಸೊನ್ನೆ ಜಾಸ್ತಿ ಬಿದ್ದಿದೆಯೇನೋ ಅಂತ ಎರಡು ಸಲ ಓದಿದೆ. ಅವಳು ಅಳುತ್ತಿದ್ದಳು, ನಾನೂ ಅತ್ತೆ. ಈಜಿಪ್ಟಿನಲ್ಲಿ ಫಾರ್ಮಸಿಸ್ಟರನ್ನೂ 'ದೊಕ್ಟೋರಾ' ಅಂತಲೇ ಕರೆಯುತ್ತಾರೆ. ಬಿಲ್ಲು ಹಾಕುತ್ತಿದ್ದ ಮೂರು ವರ್ಷವೂ ಅವಳ ಚರ್ಚಿನವರು ಅವಳನ್ನು ಹಾಗೇ ಕರೆದರಂತೆ. ಟ್ಯಾಕ್ಸಿ ಓಡಿಸುವ ಎಂಜಿನಿಯರನ್ನೂ ಅವರವರೊಳಗೆ 'ಬಾಷ್‌ಮುಹಂದಿಸ್' ಅಂತಲೇ ಕರೆಯುತ್ತಾರೆ, ಎಂಜಿನಿಯರ್ ಸಾಹೇಬರೇ ಅನ್ನುವ ಹಾಗೆ. ಗಾಡಿಯ ಸ್ಟೀರಿಂಗ್ ಹಿಡಿದು ಹದಿನೈದು ವರ್ಷ ಆದರೂ ಆ ಹೆಸರು ಬಿಡುವುದಿಲ್ಲ.

ತಳ್ಳುಗಾಡಿಯ ಕಥೆ ಇದಕ್ಕಿಂತ ಕಷ್ಟದ್ದು. ಹಡ್ಸನ್ ನದಿಯ ಆಚೆ ನ್ಯೂಯಾರ್ಕಿನಲ್ಲಿ ಬೀದಿ ಬದಿ ಹಲಾಲ್ ಚಿಕನ್ ಅನ್ನ ಮಾರುವವರಲ್ಲಿ ಈಜಿಪ್ಟಿನವರು ತುಂಬ. 1990ರಲ್ಲಿ ಮೂವರು ಈಜಿಪ್ಟಿನವರು ಮ್ಯಾನ್‌ಹಟನ್ನಿನ 53ನೇ ಬೀದಿಯ ಮೂಲೆಯಲ್ಲಿ ಇಟ್ಟ ಗಾಡಿ ಬೆಳೆದು 'ಹಲಾಲ್ ಗೈಸ್' ಅನ್ನುವ ಹೋಟೆಲ್ ಸರಣಿಯೇ ಆಗಿದೆ. ಅದು ಒಂದು ಗಾಡಿ. ಮಿಕ್ಕ ಗಾಡಿಗಳ ಪಾಡು ಬೇರೆ. ನಗರಾಡಳಿತ 1980ರ ದಶಕದಲ್ಲೇ ಪರವಾನಗಿಗಳ ಸಂಖ್ಯೆಯನ್ನು ಸುಮಾರು 3,000ಕ್ಕೆ ಕಟ್ಟಿಹಾಕಿಬಿಟ್ಟಿತು. ಎರಡು ವರ್ಷಕ್ಕೆ ಸರ್ಕಾರಿ ಶುಲ್ಕ ಆಗ 200 ಡಾಲರ್ ಅಷ್ಟೇ ಇತ್ತು. ಸಿಗದೆ ಇದ್ದಾಗ ಏನಾಗುತ್ತೆ? ಇದ್ದವರು ಒಳಗೊಳಗೇ ಬಾಡಿಗೆಗೆ ಕೊಡ್ತಾರೆ. 2010ರಲ್ಲಿ ನನ್ನ ಗಿರಾಕಿಯೊಬ್ಬರು ಕೊಟ್ಟದ್ದು 14,000 ಡಾಲರ್, ಎರಡು ವರ್ಷಕ್ಕೆ. ರಸೀದಿ ಇಲ್ಲ. ರಸೀದಿ ಇಲ್ಲದ ಖರ್ಚನ್ನು ನಾನು ತೆರಿಗೆ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. ಅವರ ಹತ್ತಿರ ಒಂದು ಶಾಲಾ ನೋಟ್‌ಬುಕ್ ಇತ್ತು. ಅನ್ನ, ಕೋಳಿ, ಗ್ಯಾಸ್, ಗ್ಯಾರೇಜು, ಎಲ್ಲ ಅರಬ್ಬಿ ಅಂಕಿಗಳಲ್ಲಿ ಅಂದವಾಗಿ ಬರೆದಿತ್ತು. ಆ ಒಂದು ಸಾಲಿನ ಎದುರು ಮಾತ್ರ ಏನೂ ಬರೆಯದೆ ಗೆರೆ ಎಳೆದಿದ್ದರು. ಆ ವರ್ಷ ಅವರು ತಮ್ಮ ಕೈಗೆ ಬಾರದೇ ಇದ್ದ ದುಡ್ಡಿಗೂ ತೆರಿಗೆ ಕಟ್ಟಿದರು. ಸ್ವಂತ ಉದ್ಯೋಗದವರಿಗೆ ಆದಾಯ ತೆರಿಗೆ ಅಲ್ಲದೆ ಇನ್ನೂ ಶೇ. 15.3 ಬೇರೆ ಬೀಳುತ್ತೆ. ನಾನು ಆ ಅಂಕಿ ತೋರಿಸಿದಾಗ ಅವರು ನೋಟ್‌ಬುಕ್ ಮುಚ್ಚಿ, 'ಮಾಲೇಶ್' ಅಂದರು. ಪರವಾಗಿಲ್ಲ ಬಿಡಿ ಅಂತ. ನನಗೇ ಸಮಾಧಾನ ಹೇಳಿದ ಹಾಗಿತ್ತು.

ಪ್ರಶ್ನೆ: ಗ್ಲೆಂಡೇಲ್ ಅರ್ಮೇನಿಯನ್ನರು ದುಬಾರಿ ಕಾರು ಇಟ್ಟುಕೊಂಡು ಸರ್ಕಾರದ ಸಹಾಯಧನ ತಿಂತಾರೆ ಅಂತ ನಮ್ಮ ನೆಂಟರೊಬ್ಬರು ಹೇಳಿದರು. ನಿಜವೇ?
(ಓದುಗರು, ಮೈಸೂರು)

ಉತ್ತರ: ಈ ಮಾತು ಗ್ಲೆಂಡೇಲ್‌ನಲ್ಲೂ ಓಡಾಡುತ್ತೆ. ಕೇಳಿ ಕೇಳಿ ಬೇಜಾರಾಗಿದೆ ನನಗೆ. ಮೋಸ ಮಾಡುವವರು ಎಲ್ಲ ಜನರಲ್ಲೂ ಇದ್ದಾರೆ. ಆದರೆ ಸಹಾಯಧನ ಯಾರಿಗೆ, ಯಾಕೆ ಅಂತ ತಿಳಿದುಕೊಂಡು ಮಾತಾಡಬೇಕು, ಅಲ್ವಾ?

ಸೋವಿಯತ್ ಅರ್ಮೇನಿಯಾದಿಂದ ಬಂದವರಲ್ಲಿ ತುಂಬ ಜನ ನಿರಾಶ್ರಿತರು ಅನ್ನುವ ಬಾಗಿಲಿಂದ ಬಂದರು. ಈ ಬಾಗಿಲಲ್ಲಿ ಅಜ್ಜ ಅಜ್ಜಿಯರೂ ಜೊತೆಗೆ ಬರುತ್ತಾರೆ. ಲಾಟರಿಯಲ್ಲಿ ಗಂಡ, ಹೆಂಡತಿ, ಚಿಕ್ಕ ಮಕ್ಕಳು ಅಷ್ಟೇ. ಅರವತ್ತೈದರಲ್ಲಿ ಬಂದ ಅಜ್ಜಿ ಅಮೆರಿಕದಲ್ಲಿ ದುಡಿದಿಲ್ಲ, ಪಿಂಚಣಿ ಇಲ್ಲ. ಅವಳಿಗಿರುವುದು ಬಡ ವೃದ್ಧರಿಗೆ ಕೊಡುವ ಎಸ್‌ಎಸ್‌ಐ. 2022ರಲ್ಲಿ ಒಬ್ಬರಿಗೆ ಕೇಂದ್ರ ಸರ್ಕಾರದ ಕಡೆಯಿಂದ ತಿಂಗಳಿಗೆ ಗರಿಷ್ಠ 841 ಡಾಲರ್, ರಾಜ್ಯದ್ದು ಸ್ವಲ್ಪ ಸೇರುತ್ತೆ. ಗ್ಲೆಂಡೇಲ್‌ನಲ್ಲಿ ಅದು ಒಂದು ರೂಮಿನ ಬಾಡಿಗೆಗೆ ಸಾಕಾದರೆ ಹೆಚ್ಚು. ಬ್ಯಾಂಕಿನಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಇಟ್ಟರೆ ಅದೂ ನಿಲ್ಲುತ್ತೆ. ಕಾರು ಮಗನದ್ದು. ಅದೂ ಸಾಲದ್ದೇ ಇರುತ್ತೆ.

1996ರಲ್ಲಿ ಕಾನೂನು ಬದಲಾಯಿತು. ಆಮೇಲೆ ನಿರಾಶ್ರಿತರಿಗೆ ಈ ಹಣ ಏಳು ವರ್ಷದವರೆಗೆ ಮಾತ್ರ ಅಂತಾಯಿತು. ಅಷ್ಟರೊಳಗೆ ಪೌರತ್ವ ಪಡೆಯಬೇಕು. ನನ್ನ ಆಫೀಸಿಗೆ ಒಬ್ಬ ಅಜ್ಜಿ ಬರುತ್ತಿದ್ದಳು. ಅರ್ಮೇನಿಯಾದ ಗುಮ್ರಿ ಊರಿನವಳು. 1988ರ ಡಿಸೆಂಬರ್ 7ರ ಭೂಕಂಪ ಆ ಊರನ್ನು ನೆಲಸಮ ಮಾಡಿತ್ತು, ಒಟ್ಟು ಕನಿಷ್ಠ 25,000 ಜನ ಸತ್ತಿದ್ದರು. ಅವಳು ಕೈಚೀಲದಲ್ಲಿ ಪೌರತ್ವ ಪರೀಕ್ಷೆಯ 100 ಪ್ರಶ್ನೆಗಳ ಪುಸ್ತಿಕೆ ಇಟ್ಟುಕೊಂಡಿರುತ್ತಿದ್ದಳು. ಮಗನ ಲೆಕ್ಕ ಮುಗಿಯುವವರೆಗೆ ಕೂತು ಬಾಯಿಪಾಠ ಮಾಡುವಳು. ಇಂಗ್ಲಿಷ್ ಪದಗಳ ಮೇಲೆ ಪೆನ್ಸಿಲಿನಲ್ಲಿ ಅರ್ಮೇನಿಯನ್ ಲಿಪಿಯಲ್ಲಿ ಉಚ್ಚಾರ ಬರೆದುಕೊಂಡಿದ್ದಳು. ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. ಆ ಪರೀಕ್ಷೆ ಪಾಸಾದರೆ ಮಾತ್ರ ಊಟದ ದುಡ್ಡು. ಇದನ್ನು ನೋಡಿದ ಮೇಲೆ 'ತಿಂತಾರೆ' ಅನ್ನುವ ಪದ ನನ್ನ ಬಾಯಲ್ಲಿ ಬರಲ್ಲ.

ಇನ್ನೊಂದು ಯೋಜನೆ, ಮನೆಯಲ್ಲೇ ವೃದ್ಧರ ಆರೈಕೆ ಮಾಡುವವರಿಗೆ ಕ್ಯಾಲಿಫೋರ್ನಿಯಾ ಗಂಟೆಗೆ ಇಷ್ಟು ಅಂತ ಸಂಬಳ ಕೊಡುತ್ತೆ. ಸೊಸೆಯೋ ಮಗಳೋ ಆ ಕೆಲಸ ಮಾಡಬಹುದು. ಜೊತೆಯಲ್ಲೇ ವಾಸವಿದ್ದರೆ ಆ ಸಂಬಳಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಅಂತ 2014ರಲ್ಲಿ ತೆರಿಗೆ ಇಲಾಖೆಯೇ ಹೇಳಿತು. ನ್ಯಾಯವಾದ ದುಡ್ಡು ಅದು. ಅತ್ತೆಯನ್ನು ಎತ್ತಿ ಸ್ನಾನ ಮಾಡಿಸುವುದು ಕೆಲಸವಲ್ಲದೆ ಮತ್ತೇನು?

ಪ್ರಶ್ನೆ: ಈ ಎರಡು ಸಮುದಾಯಕ್ಕೆ ಪರಸ್ಪರ ನಂಟೇನಾದರೂ ಇದೆಯೇ? ಅಥವಾ ಸುಮ್ನೆ ಹೋಲಿಸ್ತಾ ಇದ್ದೀವಾ?
(ಓದುಗರು, ಶಿರಸಿ)

ಉತ್ತರ: ನನಗೆ ಬಹಳ ಇಷ್ಟವಾದ ಪ್ರಶ್ನೆ. ನಂಟು ಇದೆ, ಅದೂ ಗಟ್ಟಿ ನಂಟು. ಈಜಿಪ್ಟಿನ ಮೊದಲ ಪ್ರಧಾನಿ ನೂಬಾರ್ ಪಾಷಾ ಅರ್ಮೇನಿಯನ್. 1878ರ ಮಾತು. ಅವರ ಮಗ ಬೊಗೋಸ್ ನೂಬಾರ್ 1906ರಲ್ಲಿ ಕೈರೋದಲ್ಲಿ ಕಟ್ಟಿದ ಅರ್ಮೇನಿಯನ್ ಜನರಲ್ ಬೆನೆವೊಲೆಂಟ್ ಯೂನಿಯನ್ ಇವತ್ತಿಗೂ ಲೋಕದ ತುಂಬ ಅರ್ಮೇನಿಯನ್ನರಿಗೆ ಶಾಲೆ, ವಿದ್ಯಾರ್ಥಿವೇತನ ನಡೆಸುತ್ತಿದೆ. 1915ರಲ್ಲಿ ಒಟ್ಟೋಮನ್ ತುರ್ಕಿಯಲ್ಲಿ ನಡೆದ ಅರ್ಮೇನಿಯನ್ನರ ನರಮೇಧದಿಂದ ತಪ್ಪಿಸಿಕೊಂಡ ಮೂಸಾ ದಾಗ್ ಬೆಟ್ಟದ 4,000ಕ್ಕೂ ಹೆಚ್ಚು ಜನರನ್ನು ಫ್ರೆಂಚ್ ಹಡಗುಗಳು ತಂದು ಇಳಿಸಿದ್ದು ಈಜಿಪ್ಟಿನ ಪೋರ್ಟ್ ಸಯೀದಿನಲ್ಲಿ. ಮುಂದೆ ಕೈರೋದ ಫೋಟೋ ಸ್ಟುಡಿಯೋ, ಬಂಗಾರದ ಕೆಲಸ, ಅಚ್ಚಿನ ಕೆಲಸ, ಇವುಗಳಲ್ಲೆಲ್ಲ ಅರ್ಮೇನಿಯನ್ನರದ್ದೇ ದೊಡ್ಡ ಹೆಸರು. ಅಂದರೆ ಅಮೆರಿಕಕ್ಕೆ ಹೋಗುವ ಮೊದಲು ಅರ್ಮೇನಿಯನ್ನರು ಈಜಿಪ್ಟಿನಲ್ಲೇ ವಲಸಿಗರಾಗಿದ್ದರು, ಚೆನ್ನಾಗಿ ಬಾಳಿದ್ದರು.

1961ರ ಜುಲೈನಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಅವರ ಸರ್ಕಾರ ದೊಡ್ಡ ಕಂಪನಿಗಳನ್ನೆಲ್ಲ ರಾಷ್ಟ್ರೀಕರಣ ಮಾಡಿತು. ಗ್ಲೆಂಡೇಲ್‌ನ ನನ್ನ ಗಿರಾಕಿಯೊಬ್ಬರ ತಂದೆಗೆ ಕೈರೋದಲ್ಲಿ ಅಚ್ಚು ಕೆತ್ತುವ ಸಣ್ಣ ವರ್ಕ್‌ಶಾಪ್ ಇತ್ತು. ಅದನ್ನು ಯಾರೂ ಕಸಿದುಕೊಳ್ಳಲಿಲ್ಲ. ಆದರೆ ಕೆಲಸ ಕೊಡುತ್ತಿದ್ದ ಕಂಪನಿಗಳು ಹೋದವು, ಆರ್ಡರ್ ನಿಂತುಹೋಯಿತು. ಕೆಲವು ವರ್ಷ ಹೇಗೋ ತಳ್ಳಿ ಹೊರಟರು. ದುಡ್ಡು ಹೊರಗೆ ಒಯ್ಯಲು ಬಿಡುತ್ತಿರಲಿಲ್ಲ. ಅಮ್ಮನ ಶಾಲಿನಲ್ಲಿ ಕೆತ್ತುವ ಉಳಿಗಳನ್ನು ಸುತ್ತಿ ತಂದರು. ಆ ಉಳಿಗಳು ಈಗಲೂ ಲಾಸ್ ಏಂಜಲಿಸ್‌ನ ಹಿಲ್ ಸ್ಟ್ರೀಟಿನ ಬಂಗಾರದ ಮಾರುಕಟ್ಟೆಯಲ್ಲಿ, ಮಗನ ಮೇಜಿನ ಮೇಲೆ ಇವೆ. ಮರದ ಹಿಡಿ ಸವೆದು ಅಪ್ಪನ ಅಂಗೈ ಆಕಾರಕ್ಕೆ ಬಂದಿದೆ. ಒಮ್ಮೆ ನಾನೂ ಹಿಡಿದು ನೋಡಿದೆ, ನನ್ನ ಕೈಗೆ ಕೂರಲಿಲ್ಲ. ಉಂಗುರದ ಒಳಗೆ ಹೆಸರು ಕೆತ್ತುವಾಗ ಅವರಿಗೆ ಬೇರೆ ಉಳಿ ಬೇಡ. ಲೆಕ್ಕ ಕೂಡುವಾಗ ಬಾಯಲ್ಲಿ ಅರಬ್ಬಿ, ಹೆಂಡತಿ ಜೊತೆ ಅರ್ಮೇನಿಯನ್.

ಪ್ರಶ್ನೆ: ಊರಿಗೆ ಯಾರು ಜಾಸ್ತಿ ದುಡ್ಡು ಕಳಿಸ್ತಾರೆ?
(ಓದುಗರು, ದಾವಣಗೆರೆ)

ಉತ್ತರ: ಈಜಿಪ್ಟಿನವರು ಮನೆಗೆ ಕಳಿಸುತ್ತಾರೆ, ತಿಂಗಳು ತಿಂಗಳು. ತಂಗಿ ಮದುವೆ, ಅಮ್ಮನ ಔಷಧಿ, ತಮ್ಮನ ಫ್ಲಾಟು. 2016ರ ನವೆಂಬರ್‌ನಲ್ಲಿ ಈಜಿಪ್ಟಿನ ಪೌಂಡ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು. ಡಾಲರಿಗೆ 9 ಪೌಂಡಿಗೂ ಕಮ್ಮಿ ಇದ್ದದ್ದು ಕೆಲವೇ ವಾರದಲ್ಲಿ 18ರ ಹತ್ತಿರ ಹೋಯಿತು. ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ, ನಾನು ಕಳಿಸೋದು ಅದೇ 300 ಡಾಲರ್, ಅಮ್ಮನ ಕೈಗೆ ಎರಡು ಪಟ್ಟು ಸಿಗ್ತಿದೆ, ಆದರೂ ಅವಳ ಅಡುಗೆಮನೆ ನಡೀತಿಲ್ಲ ಅಂದರು. ಸಕ್ಕರೆ, ಎಣ್ಣೆ ಎಲ್ಲದರ ಬೆಲೆ ಅದರ ಹಿಂದೆಯೇ ಏರಿತ್ತು.

ಒಟ್ಟಿಗೆ ದೊಡ್ಡ ದುಡ್ಡು ಬೇಕಾದಾಗ ಅವರು 'ಗಮೆಯ್ಯ' ಹಾಕುತ್ತಾರೆ. ನಾವು ಚೀಟಿ ಅಂತೀವಲ್ಲ, ಅದೇ. ಹರಾಜು ಕೂಗುವುದಿಲ್ಲ, ಕಮಿಷನ್ ಇಲ್ಲ, ಸರದಿ ಮಾತ್ರ. ಹನ್ನೆರಡು ಜನ, ತಲಾ 500 ಡಾಲರ್. ಯಾರ ಮನೆಯಲ್ಲಿ ಮದುವೆಯೋ ಅವರಿಗೆ ಮೊದಲ ಸರದಿ ಬಿಟ್ಟುಕೊಡುತ್ತಾರೆ. ಇದಕ್ಕೆ ತೆರಿಗೆ ಉಂಟಾ ಅಂತ ಹೆದರಿ ಕೇಳಿದವರೆಷ್ಟೋ. ಬಡ್ಡಿಯೇ ಇಲ್ಲದ ಮೇಲೆ ತೆರಿಗೆ ಎಲ್ಲಿಂದ?

ಅರ್ಮೇನಿಯನ್ನರಲ್ಲಿ ಯೆರೆವಾನಿನವರು ಹೀಗೇ ಮನೆಗೆ ಕಳಿಸುತ್ತಾರೆ. ಬೈರೂತ್, ಟೆಹ್ರಾನಿನವರಿಗೆ ಅರ್ಮೇನಿಯಾದಲ್ಲಿ ಮನೆಯೇ ಇರಲಿಲ್ಲ, ಹಾಗಾಗಿ ಅವರು ದೇಶಕ್ಕೆ ಕೊಡುತ್ತಾರೆ. 1992ರಲ್ಲಿ ಶುರುವಾದ ಹಾಯಸ್ತಾನ್ ನಿಧಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಟಿವಿಯಲ್ಲಿ ಗಂಟೆಗಟ್ಟಲೆ ಹಣ ಸಂಗ್ರಹ ನಡೆಯುತ್ತೆ. ರಸ್ತೆ, ಶಾಲೆ, ನೀರಿನ ಪೈಪು, ಇಂಥವಕ್ಕೆ.

ಪ್ರಶ್ನೆ: ಎಂ.ಎ. ಅರ್ಥಶಾಸ್ತ್ರಕ್ಕೆ ಇದೇ ವಿಷಯದ ಮೇಲೆ ಪ್ರಬಂಧ ಬರೀತಿದ್ದೀನಿ. ಎರಡೂ ಸಮುದಾಯದ ಸರಾಸರಿ ಆದಾಯ ಹಾಕಿ ಹೋಲಿಸಿದರೆ ಸಾಕಾ?
(ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಸಾಲದಮ್ಮ. ಅಲ್ಲಿನ ಸರ್ಕಾರ ಪ್ರತಿವರ್ಷ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆಯಲ್ಲಿ ಹುಟ್ಟಿದ ದೇಶ ಒಂದು ಪ್ರಶ್ನೆ, ಮೂಲ ಯಾವುದು ಅನ್ನುವುದು ಇನ್ನೊಂದು. ಮೇಲೆ ಹೇಳಿದ ಉಳಿಯ ಮಾಲೀಕರು ಹುಟ್ಟಿದ ದೇಶದ ಪಟ್ಟಿಯಲ್ಲಿ ಈಜಿಪ್ಟಿಗೆ ಸೇರುತ್ತಾರೆ, ಮೂಲದ ಪಟ್ಟಿಯಲ್ಲಿ ಅರ್ಮೇನಿಯಾಕ್ಕೆ. ನಿನ್ನ ಎರಡು ಕಾಲಂನಲ್ಲೂ ಅವರೇ ಇರುತ್ತಾರೆ. ಬೈರೂತಿನ ಅರ್ಮೇನಿಯನ್ ಹುಟ್ಟಿದ ದೇಶ ಲೆಬನಾನ್ ಅಂತ ಹೋಗಿಬಿಡುತ್ತಾರೆ, ಟೆಹ್ರಾನಿನವರು ಇರಾನ್ ಅಂತ. ಇನ್ನು ಮೂಲದ ಪಟ್ಟಿ ಹಿಡಿದರೆ, ಫ್ರೆಸ್ನೋದಲ್ಲಿ ನಾಲ್ಕು ತಲೆಮಾರಿಂದ ಇರುವ ವಕೀಲರ ಆದಾಯವೂ ಮೊನ್ನೆ ಬಂದ ಲಾರಿ ಡ್ರೈವರ್ ಆದಾಯವೂ ಕೂಡಿಕೊಂಡು ಒಂದೇ ಸರಾಸರಿ ಆಗುತ್ತೆ. ಈಜಿಪ್ಟಿನವರಲ್ಲಿ ಹೆಚ್ಚಿನವರು 1965ರ ವಲಸೆ ಕಾನೂನು ಬದಲಾದ ಮೇಲೆ ಬಂದವರು, ಅಷ್ಟು ಹಳೇ ತಲೆಮಾರು ಅವರಿಗಿಲ್ಲ.

ಜನಗಣತಿಯಂಥ ಸರ್ಕಾರಿ ಲೆಕ್ಕಗಳಲ್ಲಿ 'ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ' ಅನ್ನುವ ಹೊಸ ಗುಂಪು ಸೇರಿಸಬೇಕು ಅಂತ 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಉದಾಹರಣೆಯಾಗಿ ಕೊಟ್ಟ ಹೆಸರುಗಳಲ್ಲಿ ಈಜಿಪ್ಟಿನವರಿದ್ದಾರೆ, ಅರ್ಮೇನಿಯನ್ನರಿಲ್ಲ. ಮುಂದಿನ ಅಂಕಿಗಳನ್ನು ಬಳಸುವಾಗ ಇದನ್ನು ಮರೆಯಬೇಡ.

ಅದೇ ಸರ್ವೆಯಲ್ಲಿ ಅಮೆರಿಕಕ್ಕೆ ಬಂದ ವರ್ಷವನ್ನೂ ಕೇಳಿರುತ್ತಾರೆ. ಅದನ್ನು ಮೊದಲ ಕಾಲಂ ಮಾಡಿಕೋ. 1990ಕ್ಕೆ ಮುಂಚೆ ಬಂದ ಈಜಿಪ್ಟಿನವರನ್ನು 1990ಕ್ಕೆ ಮುಂಚೆ ಬಂದ ಅರ್ಮೇನಿಯನ್ನರ ಪಕ್ಕ ಇಡು, ಆಮೇಲೆ ಬಂದವರನ್ನು ಆಮೇಲೆ ಬಂದವರ ಪಕ್ಕ. ಬಾಡಿಗೆ ಮನೆಯೋ ಸ್ವಂತದ್ದೋ ಅನ್ನುವುದನ್ನು ಆದಾಯದ ಪಕ್ಕದಲ್ಲೇ ಹಾಕು. ಕೋಷ್ಟಕ ಆದ ಮೇಲೆ ನನಗೊಂದು ಪ್ರತಿ ಕಳಿಸು. ತಿದ್ದಿ ವಾಪಸ್ ಕಳಿಸ್ತೀನಿ.